ಕೂತು ನೋಡದೆ ಕಳಿಸಿದ ಕುರ್ಚಿಗಳು

ಕಾರ್ಖಾನೆಯ ಮಹಡಿ ಕೋಣೆಯಿಂದ,
ಹದಿನಾಲ್ಕನೆಯ ತಾರೀಖು, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರಗಳು. ಮೊದಲು ಕಣ್ಣಿನ ಸಮಾಚಾರ ತಿಳಿಸಿ. ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರೇ? ನೀರು ಸುರಿಯುವುದು ನಿಂತಿತೇ? ಔಷಧಿಯ ಹನಿಯನ್ನು ಹೊತ್ತುಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀರೋ, ಇಲ್ಲ ಶೀಶೆಯನ್ನು ದಿಂಬಿನ ಅಡಿಗೆ ತಳ್ಳಿ ಆಗಲೇ ಹಾಕಿಸಿಕೊಂಡೆ ಎನ್ನುತ್ತಿದ್ದೀರೋ? ನೀವು ಪಟ್ಟಿಯ ಅಂಚನ್ನು ಎತ್ತಿ ನೋಡಿ, ಕಿಟಕಿಯ ಚೌಕಟ್ಟು ಓರೆಯಾಗಿದೆ ಎಂದು ಮಗಳ ಮನೆ ಕಟ್ಟಿದವನನ್ನು ಬೈದ ಸುದ್ದಿ ನನಗೆ ತಲುಪಿದೆ. ಓರೆಯಿದ್ದರೆ ಇರಲಿ ಬಿಡಿ ಅತ್ತೆ, ಅದೇನು ಓಡಿಹೋಗುವುದಿಲ್ಲ. ಕಣ್ಣು ಸರಿಹೋದ ಮೇಲೆ ನೀವೇ ಕಿತ್ತು ಕೂರಿಸಿ, ಯಾರು ಬೇಡ ಎನ್ನುತ್ತಾರೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗಳು ಪುಟ್ಟಿಯ ಕೆಮ್ಮು ಹೋಯಿತು, ಮುಂದಿನ ಹಲ್ಲೂ ಹೋಯಿತು. ನಿಮ್ಮ ಮಗರಾಯರು ಎಂದಿನಂತೆ ದಿನಕ್ಕೆ ನಾಲ್ಕು ಮಾತಾಡಿಕೊಂಡು ಸುಖವಾಗಿದ್ದಾರೆ.

ಫೋನು ಮಾಡಿ ಹೇಳಬಾರದಿತ್ತೇ ಎಂದು ನೀವು ಈಗಾಗಲೇ ಗೊಣಗಿರುತ್ತೀರಿ. ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೆಯ ವಾಕ್ಯ ಶುರುಮಾಡುವ ಮೊದಲೇ ನಿಮ್ಮ "ಬೇಡ" ಬಂದುಬಿಡುತ್ತದೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹೇಳುವವಳು ನನ್ನ ನಾದಿನಿ ಎಂದು ಗೊತ್ತು. ನೋಡಮ್ಮ ನಾದಿನಿ, ಅಮ್ಮನಿಗೆ ರಕ್ತದೊತ್ತಡ ಏರುತ್ತದೆ ಎಂದು ಮಧ್ಯದ ಸಾಲುಗಳನ್ನು ಹಾರಿಸಬೇಡ. ಏರಿದರೆ ಏರಲಿ, ಕೊನೆಗೆ ತಾನಾಗಿ ಇಳಿಯುತ್ತದೆ. ನಿನ್ನ ಯಜಮಾನರೂ ಪಕ್ಕದಲ್ಲಿ ಕೂತು ಕೇಳುತ್ತಿರುತ್ತಾರೆ ಎಂದು ನನಗೆ ಗೊತ್ತು. ಅವರಿಗೆ ನಮ್ಮ ಕಾರ್ಖಾನೆಯ ಒಳಗಿನ ಸಂಗತಿ ಅಷ್ಟಾಗಿ ತಿಳಿಯದು, ಹಾಗಾಗಿ ಅತ್ತೆಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಅತ್ತೆ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಮ್ಮ ಮಡಚುವ ಕುರ್ಚಿ ಸಮುದ್ರ ದಾಟಲಿದೆ. ಒಂದೆರಡು ಸಲವಲ್ಲ, ತಿಂಗಳು ತಿಂಗಳೂ ದಾಟಲಿದೆ. ಈಗ ನೀವು ಮೂಗು ಮುರಿದಿರಿ, ನನಗೆ ಇಲ್ಲಿಂದಲೇ ಕಾಣಿಸಿತು. ಅಂದು ಸಾಗಾಟದ ಏಜೆಂಟರು ಈ ಮಾತು ತಂದಾಗ ನೀವು ಹೇಳಿದ್ದೂ ನೆನಪಿದೆ. "ನಮ್ಮೂರಲ್ಲೇ ಕೂರೋಕೆ ಕುರ್ಚಿ ಇಲ್ದೆ ನಿಂತಿರೋರು ಎಷ್ಟೋ ಜನ ಇದಾರೆ. ಅವರನ್ನ ಬಿಟ್ಟು ಪರದೇಶದವರನ್ನ ಕೂರಿಸೋಕೆ ಹೊರಟಿದೀಯಲ್ಲ." ಆಮೇಲೆ ಪಾಲುದಾರಿಕೆಯ ಮಾತು ಬಂದಾಗ, "ಒಂದೇ ಹೊದಿಕೇಲಿ ಇಬ್ರು ಮಲಗಿದ್ರೆ ಬೆಳಗಿನ ತನಕ ಎಳೆದಾಟಾನೇ" ಎಂದಿರಿ. ಆದರೂ ನಾನು ನಿಮ್ಮ ತಲೆ ತಿಂದೂ ತಿಂದೂ ಕೊನೆಗೆ ಒಂದು ಅಪ್ಪಣೆ ಪಡೆದೆ. ನಲವತ್ತು ಕುರ್ಚಿ, ಒಂದೇ ಸಲ. ಕೆಟ್ಟರೆ ಆ ಮಾತನ್ನು ಈ ಮನೆಯಲ್ಲಿ ಮತ್ತೆ ಎತ್ತಬಾರದು. ನಾನು ಆಗಲಿ ಎಂದಿದ್ದೆ. ಆ ಮಾತಿಗೆ ತಪ್ಪಿದೆನೋ ಇಲ್ಲವೋ ಎಂಬುದನ್ನು ಪೂರ್ತಿ ಕೇಳಿದ ಮೇಲೆ ನೀವೇ ತೀರ್ಮಾನಿಸಿ.

ಅಳಿಯಂದಿರಿಗಾಗಿ ಹಿಂದಿನ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಾನೇ ಸ್ವಂತ ಬುದ್ಧಿ ಓಡಿಸಿ, ಹೊರದೇಶದ ಅಂಗಡಿಗಳಿಗೆಲ್ಲ ನಮ್ಮ ಕುರ್ಚಿಯ ಫೋಟೋ ಕಳಿಸಿದ್ದೆ. ಒಂದಷ್ಟು ಜನ ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಕೇಳಿದ ಪ್ರಶ್ನೆಗಳು ನನಗೆ ಅರ್ಥವಾಗಲಿಲ್ಲ. ಕುರ್ಚಿಗೆ ಕೊಂಡಿ ಇದೆಯೇ, ಮರಕ್ಕೆ ಬೆಂಕಿಯ ಪರೀಕ್ಷೆ ಆಗಿದೆಯೇ, ಮುರಿದರೆ ಇಲ್ಲಿ ಯಾರು ರಿಪೇರಿ ಮಾಡುತ್ತಾರೆ ಎಂದೆಲ್ಲ ಕೇಳಿದ್ದರು. ಕೊಂಡಿ ಯಾಕೆ ಬೇಕು ಕುರ್ಚಿಗೆ, ಅದೇನು ಬಾಗಿಲೇ ಎಂದು ನಾನೂ ನೀವೂ ಕೂತು ನಕ್ಕಿದ್ದೆವು. ಅಲ್ಲಿಗೆ ಅದು ತಣ್ಣಗಾಯಿತು. ಆಮೇಲೆ ನಮ್ಮ ಸಾಗಾಟದ ಏಜೆಂಟರು, ಬೆನ್ನುನೋವಿನ ಮನುಷ್ಯ, ತಮ್ಮ ಸ್ವಂತಕ್ಕೆ ನಮ್ಮದೊಂದು ಕುರ್ಚಿಯನ್ನು ಹಡಗಿನಲ್ಲಿ ಒಯ್ದು ಪರದೇಶದಲ್ಲಿರುವ ತಮ್ಮ ಆಫೀಸಿನಲ್ಲಿ ಇಟ್ಟುಕೊಂಡರು. ಡೇರೆ ಹೊಲಿಸಿ ಮಾರುವ ಒಬ್ಬ ಹೆಂಗಸು ಯಾವುದೋ ಸರಕು ಬಿಡಿಸಿಕೊಳ್ಳಲು ಬಂದವಳು ಅದರ ಮೇಲೆ ಕೂತಳು. ಏಜೆಂಟರು ಹೇಳುವಂತೆ, ಕೆಲಸ ಮುಗಿದರೂ ಏಳಲಿಲ್ಲ. ಅವಳ ಡೇರೆಗಳನ್ನು ಶಾಲೆಗಳು, ಸಂಘಗಳು, ಕ್ರೀಡಾಂಗಣದವರು ಕೊಳ್ಳುತ್ತಾರೆ. ಕೊಂಡವರೆಲ್ಲ ನೆರಳಿನ ವ್ಯವಸ್ಥೆಯೇನೋ ಆಯಿತು, ಕೂರುವುದು ಯಾವುದರ ಮೇಲೆ ಎಂದು ಕೇಳುತ್ತಾರಂತೆ. ಅವಳ ಹತ್ತಿರ ಇದ್ದದ್ದು ಗಾಳಿ ಬಂದರೆ ಹಾರಿಹೋಗುವ ಪ್ಲಾಸ್ಟಿಕ್ ಕುರ್ಚಿ. ನಮ್ಮ ಹತ್ತಿರ ಕುರ್ಚಿ ಇತ್ತು, ಕೊಳ್ಳುವವರಿರಲಿಲ್ಲ. ಅವಳ ಹತ್ತಿರ ಕೊಳ್ಳುವವರಿದ್ದರು, ಕುರ್ಚಿ ಇರಲಿಲ್ಲ. ಇದಕ್ಕಿಂತ ಸರಳವಾದ ಲೆಕ್ಕವನ್ನು ನಾನು ಹೇಗೆ ಹೇಳಲಿ? ಅವಳ ನಿಜವಾದ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳುವುದಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಡೇರೆಯಮ್ಮ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಈಗ ಅಸಲು ಸಂಗತಿಗೆ ಬರುತ್ತೇನೆ. ಗಟ್ಟಿಯಾಗಿ ಹಿಡಿದು ಕೂತುಕೊಳ್ಳಿ. ಆ ನಲವತ್ತು ಕುರ್ಚಿಗಳು ಹೊರಡುವ ಹೊತ್ತಿಗೆ ನೀವು ಕಣ್ಣಿನ ಪರೀಕ್ಷೆ, ಆಪರೇಷನ್ ಎಂದು ಮಗಳ ಊರಿಗೆ ಹೊರಟಾಗಿತ್ತು. ಅಳಿಯಂದಿರೇ, ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ತಯಾರಾದ ಕುರ್ಚಿಗಳನ್ನೆಲ್ಲ ಮಧ್ಯಾಹ್ನ ಅಂಗಳದಲ್ಲಿ ಬಿಚ್ಚಿ ಇಡುತ್ತೇವೆ. ಬಡಗಿ ಮೇಸ್ತ್ರಿಯಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವುಗಳ ಮೇಲೆಯೇ ಕೂತು ಊಟ ಮಾಡಬೇಕು. ಅದೂ ಒಂದೇ ಕುರ್ಚಿಯಲ್ಲಿ ಊಟ ಮುಗಿಸುವಂತಿಲ್ಲ. ನಾಲ್ಕು ತುತ್ತು ಇಲ್ಲಿ, ಎದ್ದು ಇನ್ನು ನಾಲ್ಕು ತುತ್ತು ಅಲ್ಲಿ. ಹೊಸಬರು ನೋಡಿದರೆ ಇವರಿಗೆಲ್ಲ ಏನಾಗಿದೆ ಎಂದುಕೊಳ್ಳಬೇಕು. ಕಿರುಗುಟ್ಟುವುದು, ಅಲ್ಲಾಡುವುದು, ತೊಡೆಗೆ ಚುಚ್ಚುವುದು ಎಲ್ಲ ಅಲ್ಲೇ ಬಯಲಾಗುತ್ತದೆ. ಕೂತು ನೋಡದ ಕುರ್ಚಿ ಗೇಟು ದಾಟಬಾರದು ಎಂಬುದು ಅತ್ತೆಯವರ ಕಟ್ಟಪ್ಪಣೆ. ಈ ನಲವತ್ತು ಕುರ್ಚಿಗಳ ವಿಷಯದಲ್ಲಿ ನಾವು ಅದನ್ನು ಮುರಿದೆವು. ಪರದೇಶಕ್ಕೆ ಹೋಗುವಂಥವು, ಹೊಳೆಯಬೇಡವೇ? ನಾನು ಹೊಸ ಬಗೆಯ ಪಾಲಿಶ್ ತರಿಸಿದೆ. ಪಾಲಿಶಕ್ಕ ಒಂದರ ಮೇಲೊಂದು ಮೂರು ಕೈ ಹೊಡೆದಳು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಅಂಥದ್ದರ ಮೇಲೆ ಯಾರಾದರೂ ಕೂತು ಗೀರು ಬಿದ್ದರೆ ಏನು ಗತಿ ಎಂದು ನಾನೇ ಕಾವಲು ನಿಂತೆ. ಪುಟ್ಟಿ ಹತ್ತಿರ ಬಂದರೂ ಗದರಿದೆ. ಮೇಸ್ತ್ರಿ ಮಾತ್ರ "ಅಮ್ಮೋರು ಇದ್ದಿದ್ರೆ ಹೀಗೆ ಬಿಡ್ತಿರ್ಲಿಲ್ಲ" ಎಂದು ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ಒಂದೊಂದನ್ನೂ ಸುತ್ತಿ ಕಳಿಸಿಕೊಟ್ಟೆವು.

ಅಲ್ಲಿ ಡೇರೆಯಮ್ಮ ಅವುಗಳನ್ನು ಒಂದು ಶಾಲೆಯ ಬಹುಮಾನ ವಿತರಣೆಗೆ ಒಯ್ದಳು. ಅವಳದೇ ಹೊಸ ಡೇರೆ, ಕೆಳಗೆ ನಮ್ಮ ಕುರ್ಚಿ. ಕೊಳ್ಳಬಹುದಾದವರನ್ನೆಲ್ಲ ಕರೆದು ಕೂರಿಸಿದ್ದಳು. ಅವತ್ತು ಅಲ್ಲಿ ಸೆಖೆಯೋ ಸೆಖೆ. ಡೇರೆಯ ಒಳಗೆ ಕೇಳಬೇಕೇ? ನಮ್ಮ ಪಾಲಿಶ್ ಮೆತ್ತಗಾಯಿತು. ಜನ ಕೂತರು, ಭಾಷಣ ಕೇಳಿದರು, ಪಾಲಿಶ್ ಬಟ್ಟೆಗೆ ಅಂಟಿತು. ಮುಖ್ಯೋಪಾಧ್ಯಾಯಿನಿ ಮಾತನಾಡಲು ಎದ್ದರು, ಕುರ್ಚಿಯೂ ಅವರ ಜೊತೆಗೇ ಎದ್ದಿತು. ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕಾಗಿತ್ತಂತೆ. ಸಾಲು ಸಾಲಾಗಿ ಎದ್ದವು, ಮಕ್ಕಳೂ ಕುರ್ಚಿಗಳೂ. ಏಜೆಂಟರು ಫೋನಿನಲ್ಲಿ ಇದನ್ನು ಹೇಳುವಾಗ ನಗು ತಡೆಯಲು ಕೆಮ್ಮುತ್ತಿದ್ದರು. ನಾದಿನಿ, ನೀನೂ ಈಗ ನಗುತ್ತಿದ್ದೀಯ, ನಗು. ಇವತ್ತು ನನಗೂ ನಗು ಬರುತ್ತದೆ. ಅವತ್ತು ಮಾತ್ರ ಮರದ ಕೋಣೆಗೆ ಹೋಗಿ ಹಲಗೆಗಳ ಹಿಂದೆ ಕೂತು ಹೊಟ್ಟೆ ತುಂಬ ಅತ್ತುಬಿಟ್ಟೆ. ನಿಮ್ಮ ಮಗ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು. "ಕುರ್ಚಿ ಮುರೀಲಿಲ್ವಲ್ಲ" ಎಂದರು. ಆ ಹೊತ್ತಿಗೆ ಅದು ಸಮಾಧಾನದ ಮಾತಾಗಿ ಕೇಳಿಸಲಿಲ್ಲ, ಅವರ ಮೇಲೂ ರೇಗಿದೆ. ನಿಮ್ಮ ಕಣ್ಣಿನ ಆಪರೇಷನ್ ಆಗಿ ಎರಡೇ ದಿನವಾಗಿತ್ತು. ನಿಮಗೆ ಹೇಳುವುದು ಹೇಗೆ? ಒಪ್ಪಂದದಂತೆ ಆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಿತೆಂದೇ ನಾನೂ ಅಂದುಕೊಂಡು, ಸಪ್ಪೆ ಮುಖ ಹಾಕಿಕೊಂಡು, ಎಂದಿನ ಆರ್ಡರುಗಳ ಕೆಲಸಕ್ಕೆ ಇಳಿದೆ.

ಆ ಮಾತನ್ನು ಮತ್ತೆ ಎತ್ತಿದವಳು ನಾನಲ್ಲ ಅತ್ತೆ. ಇದನ್ನು ದಯವಿಟ್ಟು ಎರಡು ಸಲ ಓದಿಸಿಕೊಳ್ಳಿ. ಹೋದ ಗುರುವಾರ ನಾವೆಲ್ಲ ಅಂಗಳದಲ್ಲಿ ಊಟಕ್ಕೆ ಕೂತಿದ್ದಾಗ ಗೇಟಿನ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಮೊದಲು ಏಜೆಂಟರು ಬೆನ್ನು ಹಿಡಿದುಕೊಂಡು ಇಳಿದರು. ಹಿಂದೆಯೇ ಒಬ್ಬ ಎತ್ತರದ ಹೆಂಗಸು, ತಲೆಗೂದಲು ಅರ್ಧ ನೆರೆತದ್ದು, ಬೆರಳುಗಳ ತುದಿಯೆಲ್ಲ ಸೂಜಿ ಚುಚ್ಚಿ ಒರಟಾದದ್ದು. ಡೇರೆಯಮ್ಮ. ಒಂದು ಮಾತು ಮುಂಚೆ ತಿಳಿಸಬಾರದೇ? ನನ್ನ ಕೈಯಲ್ಲಿ ತುತ್ತು, ಬಾಯಲ್ಲಿ ತುತ್ತು. ಅವಳು ಅಂಗಳವನ್ನೆಲ್ಲ ಒಮ್ಮೆ ನೋಡಿದಳು. ಹೊಸ ಕುರ್ಚಿಗಳ ಮೇಲೆ ಜನ ಡಬ್ಬಿ ಬಿಚ್ಚಿಕೊಂಡು ಕೂತು ಉಣ್ಣುತ್ತಿದ್ದಾರೆ, ಎದ್ದು ಜಾಗ ಬದಲಾಯಿಸುತ್ತಿದ್ದಾರೆ. ಅವಳ ಮುಖ ಗಂಟಿಕ್ಕಿತು. ಏಜೆಂಟರ ಕಿವಿಯಲ್ಲಿ ಏನೋ ಹೇಳಿದಳು. ಅವರು ಹಿಂಜರಿಯುತ್ತಾ, "ಬಳಸಿದ ಕುರ್ಚಿಗಳನ್ನ ಹೊಸದು ಅಂತ ಮಾರ್ತೀರಾ ಅಂತ ಕೇಳ್ತಿದಾರೆ" ಎಂದರು.

ನಿಮಗೆ ನನ್ನ ಕೋಪ ಗೊತ್ತು. ಇಷ್ಟು ದಿನ ನುಂಗಿಕೊಂಡಿದ್ದ ಅಳುವೆಲ್ಲ ಒಂದೇ ಸಲ ರೋಷವಾಗಿ ಹೊರಗೆ ಬಂತು. ಎದ್ದು ನಿಂತು, "ಇಷ್ಟು ವರ್ಷದಲ್ಲಿ ನಾವು ಕೂತು ನೋಡದೆ ಕಳಿಸಿದ ಕುರ್ಚಿ ಅಂದ್ರೆ ನಿಮಗೆ ಕಳಿಸಿದ ಆ ನಲವತ್ತೇ. ನೀವು ದೊಡ್ಡವರು ಅಂತ ಮರ್ಯಾದೆ ಮಾಡೋಕೆ ಹೋಗಿ ಮರ್ಯಾದೆ ಕಳ್ಕೊಂಡ್ವಿ. ನೀವೂ ನಮ್ಮೂರಿನ ಗಿರಾಕಿ ಥರಾನೇ ಅಂದುಕೊಂಡಿದ್ದಿದ್ರೆ ಆ ಪಾಲಿಶ್ ಮೊದಲು ನಮ್ಮ ಬಟ್ಟೆಗೇ ಅಂಟ್ತಿತ್ತು" ಎಂದುಬಿಟ್ಟೆ. ಅತಿಥಿಯ ಮುಂದೆ ಆಡುವ ಮಾತೇ ಅದು? ಮೇಸ್ತ್ರಿ ತಲೆ ತಗ್ಗಿಸಿದರು. ಏಜೆಂಟರು ಅದನ್ನು ಮೆತ್ತಗೆ ಮಾಡಿ ಹೇಳಲು ಹೊರಟಾಗ ಡೇರೆಯಮ್ಮ ಕೈ ಎತ್ತಿ ತಡೆದಳು. ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕಂತೆ. ಅವರು ಹೇಳಿದರು. ಅವಳು ಕೇಳಿ, ಖಾಲಿಯಿದ್ದ ಒಂದು ಕುರ್ಚಿಯ ಮೇಲೆ ಹೋಗಿ ಕೂತಳು. ಕುರ್ಚಿ ಕಿರ್ ಎಂದಿತು. ಅಷ್ಟೇ ತಡ, ನಮ್ಮ ಪಾಲಿಶಕ್ಕ ಎಂಜಲು ಕೈಯಲ್ಲೇ ಓಡಿ ಬಂದು "ಏಳಿ ಏಳಿ, ಮೇಲೇಳಿ ತಾಯಿ" ಎಂದು ಆ ಮಹಾತಾಯಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಕುರ್ಚಿಯನ್ನು ಎತ್ತಿಕೊಂಡು ರಿಪೇರಿ ಮೂಲೆಗೆ ನಡೆದೇಬಿಟ್ಟಳು. ಸಮುದ್ರ ದಾಟಿ ಬಂದವಳನ್ನು ನಿಲ್ಲಿಸಿ ಕುರ್ಚಿ ಕಿತ್ತುಕೊಂಡೆವಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಡೇರೆಯಮ್ಮ ಮಾತ್ರ ಪಾಲಿಶಕ್ಕ ಹೋದ ದಿಕ್ಕನ್ನೇ ನೋಡುತ್ತಾ ನಿಂತವಳು ನಕ್ಕಳು. ಅದೆಂಥ ನಗು ಅಂತೀರಿ, ಡೇರೆಯ ಬಟ್ಟೆ ಹರಿದ ಹಾಗೆ. ಆಮೇಲೆ ಇನ್ನೊಂದು ಕುರ್ಚಿಯಲ್ಲಿ ಕೂತು ಮೇಸ್ತ್ರಿಯ ಡಬ್ಬಿಯಿಂದಲೇ ಊಟ ಮಾಡಿದಳು. ನಡುವೆ ಎದ್ದು ಜಾಗವನ್ನೂ ಬದಲಾಯಿಸಿದಳು.

ಊಟವಾದ ಮೇಲೆ ಮಹಡಿ ಕೋಣೆಯಲ್ಲಿ ಕೂತು ಅವಳು ಹೇಳಿದ್ದು ಕೇಳಿ. ಆ ಶಾಲೆಯಲ್ಲಿ ಮಾನ ಹೋದ ಮೇಲೆ ಅವಳ ತಮ್ಮ ಉಜ್ಜು ಕಾಗದ ಹಿಡಿದು ನಲವತ್ತು ಕುರ್ಚಿಗಳ ಪಾಲಿಶನ್ನೂ ಕೆರೆದು ತೆಗೆದನಂತೆ. ಬರೀ ಮರದ ಕುರ್ಚಿಗಳನ್ನೇ ಆಮೇಲೆ ಒಂದು ಕುಸ್ತಿ ಪಂದ್ಯಕ್ಕೆ ಕೊಟ್ಟರಂತೆ. ಪೈಲ್ವಾನರು ಕೂತರು, ಅವರಿಗಿಂತ ದಪ್ಪಗಿದ್ದ ತೀರ್ಪುಗಾರರು ಕೂತರು, ಮಕ್ಕಳು ಮೇಲೆ ಹತ್ತಿ ಕುಣಿದರು. ಒಂದು ಕೀಲೂ ಸಡಿಲಾಗಲಿಲ್ಲ. "ಇಷ್ಟು ಒಳ್ಳೆ ಕುರ್ಚಿ ಮಾಡಿ ಇಷ್ಟು ಕೆಟ್ಟ ಪಾಲಿಶ್ ಹೊಡೆಯೋರು ಹೇಗಿರ್ತಾರೆ ಅಂತ ನೋಡೋಕೆ ಬಂದೆ" ಎಂದಳು, ಏಜೆಂಟರು ಅದನ್ನು ನಮ್ಮ ಭಾಷೆಗೆ ತಿರುಗಿಸಿದರು. ನಿಮ್ಮ ಮಗನ ಮಾತು ಈಗ ನನಗೆ ಅರ್ಥವಾಯಿತು. ಅವರು ಆಡುವುದೇ ಅಪರೂಪ, ಆಡಿದ್ದನ್ನಾದರೂ ನಾನು ಕೇಳಿಸಿಕೊಳ್ಳಬಾರದಿತ್ತೇ?

ಅತ್ತೆ, ಆಮೇಲೆ ಆದ ಮಾತುಕತೆಯನ್ನು ನೀವು ಕೇಳಬೇಕಿತ್ತು. ನಾವು ಎರಡು ವರ್ಷ ತಲೆ ಕೆರೆದುಕೊಂಡಿದ್ದಕ್ಕೆ ಅವಳ ಹತ್ತಿರ ಒಂದೊಂದು ಸಾಲಿನ ಉತ್ತರವಿತ್ತು. ಆ ಕೊಂಡಿಯ ವಿಷಯ ನೋಡಿ. ಅವರಲ್ಲಿ ಜನ ಸೇರುವ ಕಡೆ ಕುರ್ಚಿಗಳನ್ನು ಒಂದಕ್ಕೊಂದು ಜೋಡಿಸಿರಬೇಕಂತೆ. ಗಾಬರಿಯಲ್ಲಿ ಜನ ಓಡಿದರೆ ಕುರ್ಚಿ ಉರುಳಿ ಯಾರೂ ಎಡವಬಾರದು ಎಂದು. ನಾವು ನಕ್ಕ ಕೊಂಡಿ ಅದೇ. ಡೇರೆಯಮ್ಮ ತನ್ನ ಚೀಲದಿಂದ ಡೇರೆಯ ಹಗ್ಗಕ್ಕೆ ಹಾಕುವ ಒಂದು ಪುಟ್ಟ ಕೊಂಡಿ ತೆಗೆದು ಮೇಸ್ತ್ರಿಯ ಮುಂದಿಟ್ಟಳು. ಮೇಸ್ತ್ರಿ ಅದನ್ನು ಕುರ್ಚಿಯ ಕಾಲಿಗೆ ಹಿಡಿದು ನೋಡಿ, ಒಂದು ತೂತು ಕೊರೆದು, ಎರಡು ಕುರ್ಚಿಗಳನ್ನು ಜೋಡಿಸಿ ತೋರಿಸಿದರು. ಇಬ್ಬರ ಮಧ್ಯೆ ಏಜೆಂಟರು ಬೇಕಾಗಲೇ ಇಲ್ಲ. ಅಲ್ಲಿನ ಪರೀಕ್ಷೆಗಳು, ಪರವಾನಗಿಗಳು, ಗೋದಾಮು, ರಿಪೇರಿ ಎಲ್ಲ ಅವಳದು. ಕುರ್ಚಿಯನ್ನು ನಾವು ಇಡಿಯಾಗಿ ಕಳಿಸುವುದಿಲ್ಲ. ಕಾಲು, ಬೆನ್ನು, ಪಟ್ಟಿ ಎಂದು ಬಿಡಿಬಿಡಿಯಾಗಿ ಕಳಿಸುತ್ತೇವೆ. ಹಾಗೆ ಮಾಡಿದರೆ ಒಂದೇ ಪೆಟ್ಟಿಗೆಯಲ್ಲಿ ಎಷ್ಟೋ ಹೆಚ್ಚು ಹಿಡಿಯುತ್ತದೆ. ಅವಳ ಡೇರೆ ಹೊಲಿಯುವ ಶೆಡ್ಡಿನ ಪಕ್ಕದಲ್ಲೇ ಜೋಡಿಸಿ, ಅಲ್ಲಿನ ಸೆಖೆಗೆ ತಡೆಯುವ ಪಾಲಿಶನ್ನು ಅಲ್ಲೇ ಹೊಡೆಯುವುದು. ಕುರ್ಚಿಯ ಹಿಂದೆ ನಮ್ಮ ಗುರುತು ಒಂದು ಕಡೆ, ಅವಳದು ಇನ್ನೊಂದು ಕಡೆ. ಬದಲಿಗೆ ಅವಳ ಡೇರೆಗಳನ್ನು ನಾವು ನಮ್ಮ ಗಿರಾಕಿಗಳಿಗೆ ತೋರಿಸಬೇಕು. ಕುರ್ಚಿ ಬಾಡಿಗೆಗೆ ಕೊಡುವವರು ನೆರಳಿಗೆ ಏನಾದರೂ ಇದೆಯೇ ಎಂದು ನಮ್ಮನ್ನು ಎಷ್ಟು ಸಲ ಕೇಳಿಲ್ಲ, ಹೇಳಿ?

ಹೊದಿಕೆಯ ಎಳೆದಾಟದ ಮಾತನ್ನು ನಾನು ಮರೆತಿಲ್ಲ. ನಮ್ಮ ಕೆಲಸ ಕಲಿತುಕೊಂಡು ನಾಳೆ ನಮ್ಮನ್ನೇ ಕೈಬಿಟ್ಟರೆ ಎಂದು ನೀವು ಕೇಳುವಿರಿ. ನಾನು ಅದನ್ನು ಅವಳ ಮುಖಕ್ಕೇ ಕೇಳಿದೆ. ಅವಳು, "ನಾನು ನಿಮ್ಮ ಕುರ್ಚಿಗೆ ಗಿರಾಕಿಗಳನ್ನ ಹುಡುಕಿ ಕೊಟ್ಟ ಮೇಲೆ ನೀವು ಇನ್ನೊಬ್ಬ ಡೇರೆಯವನ ಹತ್ರ ಹೋದ್ರೆ" ಎಂದು ತಿರುಗಿಸಿ ಕೇಳಿದಳು. ಅವಳಿಗೂ ಅದೇ ಚಿಂತೆಯಲ್ಲಿ ನಿದ್ದೆ ಬಂದಿರಲಿಲ್ಲವಂತೆ. ನನಗೆ ಅವಳ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ. ಹೆದರದವರ ಜೊತೆ ವ್ಯಾಪಾರ ಮಾಡಲು ನನಗೆ ಹೆದರಿಕೆ. ಕೊನೆಗೆ ಹೀಗೆ ತೀರ್ಮಾನವಾಯಿತು: ಅಲ್ಲಿ ಅವಳ ಮೂಲಕವಲ್ಲದೆ ನಾವು ಮಾರುವುದಿಲ್ಲ, ನಮ್ಮದಲ್ಲದ ಮರದ ಕುರ್ಚಿಯನ್ನು ಅವಳು ಮಾರುವುದಿಲ್ಲ. ಕುರ್ಚಿಯ ಜೀವ ಇರುವ ಮಡಚುವ ಕೀಲು ಮಾತ್ರ ಇಲ್ಲೇ, ನಿಮ್ಮ ಮಗನ ಕೈಯಲ್ಲೇ ತಯಾರಾಗುತ್ತದೆ, ಹೇಗೆ ಎಂದು ಹೇಳಿಕೊಡುವುದಿಲ್ಲ. ಮೇಸ್ತ್ರಿಗೂ ಒಂದು ಅಳುಕಿತ್ತು. ಜೋಡಿಸುವ ಕೆಲಸ ಅಲ್ಲಿಗೆ ಹೋದರೆ ನಮ್ಮ ಹುಡುಗರ ಗತಿಯೇನು ಎಂದು. ಅವರು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಹಲಗೆಯ ಮೇಲೆ ತಾವೇ ಗೀಚಿ ನೋಡಿದರು, ಕಾಲು ಕಡೆಯಲು ಇನ್ನೂ ಇಬ್ಬರು ಬೇಕಾಗುತ್ತಾರೆ ಎಂದು ತಾವೇ ಹೇಳಿದರು. ನಿಮ್ಮ ಮಗ ಕೊನೆಗೆ "ಆಗಬಹುದು" ಎಂದರು. ಅವರ ಪಾಲಿಗೆ ಅದು ಒಂದು ಭಾಷಣ.

ಒಂದೇ ಒಂದು ತೊಡಕು ಉಳಿಯಿತು. ಬಿಡಿ ಭಾಗಗಳ ಮೇಲೆ ಯಾರು ಕೂರಲು ಸಾಧ್ಯ? ಹಾಗಾಗಿ ಕೂತು ನೋಡುವ ಪದ್ಧತಿ ಅಲ್ಲೇ ಶುರುವಾಗಬೇಕು. ಡೇರೆಯಮ್ಮನದೂ ಅದೇ ಹಟ. ಪಾಲಿಶಕ್ಕ ತನ್ನನ್ನು ಎಬ್ಬಿಸಿದ ಹಾಗೆ ತನ್ನ ಶೆಡ್ಡಿನಲ್ಲಿ ತನ್ನನ್ನೇ ಎಬ್ಬಿಸುವವರು ಬೇಕಂತೆ. ಅದಕ್ಕೆ ನಮ್ಮವರೊಬ್ಬರು ಹೋಗಿ ಆರು ತಿಂಗಳು ಅಲ್ಲಿದ್ದು, ಜೋಡಿಸುವವರಿಗೆ ಕೈ ಪಳಗಿಸಿ, ಎಲ್ಲ ಒಂದು ಹದಕ್ಕೆ ತಂದು ಬರಬೇಕು. ಅದರ ವಿಷಯ ಆಮೇಲೆ ನೋಡಿದರಾಯಿತು. ಒಪ್ಪಂದಕ್ಕೆ ನಿಮ್ಮ ಸಹಿ ಬೇಕು, ಕಾರ್ಖಾನೆ ನಿಮ್ಮ ಹೆಸರಿನಲ್ಲಿದೆ. ಏಜೆಂಟರು ಮುಂದಿನ ವಾರ ನಾದಿನಿಯ ಊರಿಗೇ ಬಂದು ಎಲ್ಲವನ್ನೂ ಓದಿ ಹೇಳುತ್ತಾರೆ. ಬೇಕಾದಷ್ಟು ಪ್ರಶ್ನೆ ಕೇಳಿ, ಪಾಪ ಎನ್ನಬೇಡಿ. ಅವರನ್ನು ನಿಲ್ಲಿಸಿಕೊಂಡು ಮಾತಾಡಿಸಬೇಡಿ ಅಷ್ಟೇ, ಬೆನ್ನುನೋವು.

ಇಷ್ಟೆಲ್ಲ ಬರೆದ ಮೇಲೂ ನನ್ನ ಸಂತೋಷದ ಕಾಲುಭಾಗವನ್ನೂ ಹೇಳಿದ ಹಾಗಾಗಲಿಲ್ಲ. ಕೆಳಗೆ ಮೇಸ್ತ್ರಿ ಕೊಂಡಿಯ ತೂತು ಕೊರೆಯುವ ಸದ್ದು ಕೇಳುತ್ತಿದೆ. ಪಾಲಿಶಕ್ಕ ಅಲ್ಲಿನ ಸೆಖೆಯನ್ನು ನೋಡಬೇಕೆಂದು ಒಂದು ಕುರ್ಚಿಯನ್ನು ಒಲೆಯ ಪಕ್ಕ ಇಟ್ಟುಕೊಂಡು ಅದರ ಮೇಲೆ ಹತ್ತು ಸಲ ಕೂತು ಎದ್ದಿದ್ದಾಳೆ. ಪುಟ್ಟಿ ಭೂಪಟದಲ್ಲಿ ನಮ್ಮೂರಿಗೂ ಆ ದೇಶಕ್ಕೂ ನಡುವೆ ಹೆಬ್ಬೆರಳಿಟ್ಟು, ಇಷ್ಟೇ ದೂರ ಎನ್ನುತ್ತಾಳೆ. ನೀವು ಇದ್ದಿದ್ದರೆ ಎಲ್ಲರನ್ನೂ ಗದರಿಸಿ ಕೆಲಸಕ್ಕೆ ಅಟ್ಟುತ್ತಿದ್ದಿರಿ, ಆಮೇಲೆ ಒಬ್ಬರೇ ಹೋಗಿ ಆ ಕೊಂಡಿಯನ್ನು ಎಳೆದೂ ಎಳೆದೂ ನೋಡುತ್ತಿದ್ದಿರಿ. ಹೊಸದೇನಾದರೂ ಮಾಡುವಾಗ ನೀವು ಮನೆಯಲ್ಲಿಲ್ಲದಿದ್ದರೆ ಮಾಡಿದ ಹಾಗೇ ಅನಿಸುವುದಿಲ್ಲ. ಇದು ಬೆಣ್ಣೆ ಹಚ್ಚುವ ಮಾತಲ್ಲ.

ಕಣ್ಣಿಗೆ ಹೊಗೆ, ಧೂಳು ತಗುಲಿಸಬೇಡಿ. ಬಗ್ಗಿ ಏನನ್ನೂ ಎತ್ತಬೇಡಿ. ನಾದಿನಿಗೂ ಅಳಿಯಂದಿರಿಗೂ ನಮ್ಮೆಲ್ಲರ ನೆನಕೆಗಳು, ಅವರ ಮಗುವಿನ ಕೆನ್ನೆಗೆ ಪುಟ್ಟಿಯದೊಂದು ಮುತ್ತು. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಬೈಗುಳ ಇದ್ದರೆ ಅದನ್ನೂ ಅಲ್ಲಿಗೇ ಕಳಿಸಿ.

ಇಂತಿ ನಿಮ್ಮ,
ಕೋಪಿಷ್ಠೆ, ಬಾಯಿಬಡುಕಿ, ಆದರೂ ನಿಮ್ಮವಳೇ ಆದ
ಸೊಸೆ

ಮರೆತ ಮಾತು: ಮರೆತಿರಲಿಲ್ಲ ಅತ್ತೆ, ಬರೆಯಲು ಧೈರ್ಯವಿರಲಿಲ್ಲ. ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಆರು ತಿಂಗಳು ಅಲ್ಲಿಗೆ ಹೋಗಬೇಕಾದವರು ನಿಮ್ಮ ಮಗ ಎಂದೇ ಎಲ್ಲರೂ ಅಂದುಕೊಂಡಿದ್ದೆವು, ಅವರ ಹೆಸರನ್ನೇ ಹೇಳಿದೆವು. ಡೇರೆಯಮ್ಮ ಬೇಡ ಎಂದಳು. ನನ್ನ ಕಡೆ ಬೆರಳು ಮಾಡಿ "ನನ್ನ ಮೇಲೆ ರೇಗಿದೋಳು ಬರಲಿ" ಎಂದಳು. ಏಜೆಂಟರು ಅದನ್ನು ಹೇಳಿ ಮುಗಿಸುವ ಮೊದಲೇ ನಾನು ಹೂಂ ಎಂದುಬಿಟ್ಟಿದ್ದೆ. ಅತ್ತೆಯವರನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ. ಅನ್ನಬೇಕೆಂದು ಹೊಳೆಯಲೂ ಇಲ್ಲ. ಇಷ್ಟು ವರ್ಷ ನಾನು ಯಾರದೋ ಸೊಸೆ, ಯಾರದೋ ಹೆಂಡತಿ ಎಂದು ಜನ ನನ್ನ ಹತ್ತಿರ ವ್ಯವಹಾರಕ್ಕೆ ಬಂದಿದ್ದಾರೆ. ನಾನೇ ಬೇಕು ಎಂದು ಕೇಳಿದವಳು ಇವಳೊಬ್ಬಳೇ. ನಿಮ್ಮ ಮಗ "ಹೋಗಿ ಬಾ" ಎಂದಿದ್ದಾರೆ. ಪುಟ್ಟಿಗೆ ಇನ್ನೂ ಹೇಳಿಲ್ಲ. ಅವಳ ಹೆಬ್ಬೆರಳನ್ನು ನೋಡಿದಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತೇನೆ, ಆದರೂ ಹೋಗಬೇಕೆಂದೇ ಆಸೆ. ಹಡಗು ಹೊರಡಲು ಇನ್ನು ಒಂದೂವರೆ ತಿಂಗಳಿದೆ. ಅಷ್ಟರಲ್ಲಿ ಡಾಕ್ಟರು ಬಿಟ್ಟರೆ ನೀವು ಬಂದು ಕಾರ್ಖಾನೆಯನ್ನೂ ಪುಟ್ಟಿಯನ್ನೂ ಕೈಗೆ ತೆಗೆದುಕೊಳ್ಳಬೇಕು, ಬೇರೆ ಯಾರ ಕೈಲೂ ಆಗುವುದಿಲ್ಲ. ಈ ಮನೆಗೆ ಬಂದ ಮೇಲೆ ನಿಮ್ಮನ್ನು ಕೇಳದೆ ನಾನು ಒಪ್ಪಿಕೊಂಡ ಮೊದಲ ಕೆಲಸ ಇದು. ನೀವು ಬೇಡ ಎಂದರೂ ನಾನು ಹೋಗುತ್ತೇನೆ. ಆದರೆ ಬೇಡ ಅನ್ನಬೇಡಿ, ಅತ್ತೆ.